ಆಡಾ ಲವ್‌ಲೇಸ್: ಯಂತ್ರವೇ ಇಲ್ಲದೆ ಬರೆದ ಪ್ರೋಗ್ರಾಂ, ಅದರಲ್ಲೊಂದು ತಪ್ಪು

ಜಗತ್ತಿನ ಮೊದಲ ಕಂಪ್ಯೂಟರ್ ಪ್ರೋಗ್ರಾಮರ್ ಒಬ್ಬ ಮಹಿಳೆ ಎಂಬ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ಎಷ್ಟು ನಿಜ? ನೋಡೋಣ.

ಆಡಾ ಹುಟ್ಟಿದ್ದು 1815ರಲ್ಲಿ, ಲಂಡನ್‌ನಲ್ಲಿ. ತಂದೆ ಕವಿ ಬೈರನ್. ಚಾರ್ಲ್ಸ್ ಬ್ಯಾಬೇಜ್ ಕಾಗದದ ಮೇಲೆ ರೂಪಿಸಿದ್ದ ‘ಅನಲಿಟಿಕಲ್ ಎಂಜಿನ್’ ಎಂಬ ಲೆಕ್ಕದ ಯಂತ್ರದ ಬಗ್ಗೆ ಆಕೆ ಬರೆದ ಟಿಪ್ಪಣಿಗಳು 1843ರಲ್ಲಿ ಪ್ರಕಟವಾದವು. ಅವುಗಳಲ್ಲಿ ಬರ್ನೌಲಿ ಸಂಖ್ಯೆಯನ್ನು ಲೆಕ್ಕ ಹಾಕುವ 25 ಹಂತಗಳ ಪಟ್ಟಿಯಿದೆ. ಬ್ಯಾಬೇಜ್ ಇದಕ್ಕೂ ಮೊದಲೇ ಚಿಕ್ಕ ಪ್ರೋಗ್ರಾಂಗಳನ್ನು ಬರೆದಿದ್ದರು. ಹಾಗಾಗಿ ‘ಮೊದಲ’ ಎಂಬ ಬಿರುದು ಚರ್ಚೆಯ ವಿಷಯ.

ನಮಗೆ ಮುಖ್ಯವೆನಿಸಿದ್ದು ಬೇರೆ. ಪ್ರತಿ ಹಂತದಲ್ಲೂ ಯಾವ ವೇರಿಯಬಲ್‌ನಲ್ಲಿ ಯಾವ ಬೆಲೆ ಇರಬೇಕು ಎಂಬುದನ್ನು ಆ ಪಟ್ಟಿ ತೋರಿಸುತ್ತದೆ. 4ನೇ ಹಂತದಲ್ಲಿ ನಾಲ್ಕನೇ ವೇರಿಯಬಲ್ ಅನ್ನು ಐದನೆಯದರಿಂದ ಭಾಗಿಸಬೇಕಿತ್ತು, ಅಚ್ಚಾಗಿರುವುದು ಉಲ್ಟಾ. ಆದರೆ ಅದೇ ಸಾಲಿನಲ್ಲಿ ಬರಬೇಕಾದ ಉತ್ತರ ಸರಿಯಾಗಿದೆ. ಎರಡನ್ನೂ ಹೋಲಿಸಿದರೆ ತಪ್ಪು ಸಿಕ್ಕಿಬೀಳುತ್ತದೆ.

ಇಂದಿನ ಅನೇಕ ವೆಬ್‌ಸೈಟ್‌ಗಳಲ್ಲಿ ಪಿಎಚ್‌ಪಿಯಂಥ ಭಾಷೆಯ ಕೋಡ್ ಓಡುವುದು ಎಲ್ಲೋ ಇರುವ ಸರ್ವರ್‌ನಲ್ಲಿ. ನಮ್ಮ ಪರದೆಗೆ ಬರುವುದು ಆ ಕೋಡ್‌ನ ಫಲಿತಾಂಶ ಮಾತ್ರ. ಪುಟದಲ್ಲಿ ಮೊತ್ತ ತಪ್ಪಾಗಿ ಬಂದರೆ ಪಿಎಚ್‌ಪಿ ಬಳಸುವವರು ‘ವಾರ್ ಡಂಪ್’ ಎಂಬ ಆದೇಶ ಕೊಟ್ಟು, ವೇರಿಯಬಲ್ ಒಳಗೆ ನಿಜಕ್ಕೂ ಏನಿದೆ ಎಂದು ನೋಡುತ್ತಾರೆ. ಇರಬೇಕಾದದ್ದು, ಇರುವುದು ಎರಡನ್ನೂ ಹೋಲಿಸುವ ಅದೇ ಕೆಲಸ.

ಆಡಾ 1852ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು ಕೇವಲ 36. ಆ ಯಂತ್ರ ಪೂರ್ತಿಯಾಗಲೇ ಇಲ್ಲ. ತಮ್ಮ ಪ್ರೋಗ್ರಾಂ ಓಡುವುದನ್ನು ಅವರು ನೋಡಲಿಲ್ಲ. ಮುಂದಿನ ಬಾರಿ ಆ ಸಂದೇಶ ಬಂದರೆ, ಈ ಕಥೆಯನ್ನೂ ಜೊತೆಗೆ ಕಳುಹಿಸಿ.