ಪಿಟೀಲು ವಿದ್ವಾನ್ ಶ್ರೀ ಟಿ. ಚೌಡಯ್ಯ (1895–1967)

ಮೈಸೂರಿನ ಸಂಗೀತ ಪರಂಪರೆಯ ಕೀರ್ತಿಯನ್ನು ದಕ್ಷಿಣ ಭಾರತದಾದ್ಯಂತ ಹರಡಿದ ಮಹನೀಯರಲ್ಲಿ ಪಿಟೀಲು ವಿದ್ವಾನ್ ಶ್ರೀ ಟಿ. ಚೌಡಯ್ಯನವರು ಅಗ್ರಗಣ್ಯರು. ಕೊನೆಯ ಸಾಲಿನಲ್ಲಿ ಕುಳಿತ ಶ್ರೋತೃವಿಗೂ ಸಂಗೀತ ಕೇಳಿಸಬೇಕೆಂಬ ಉದ್ದೇಶದಿಂದ ಏಳು ತಂತಿಯ ಪಿಟೀಲನ್ನು ರೂಪಿಸಿದ ಶ್ರೇಯಸ್ಸು ಇವರಿಗೆ ಸಲ್ಲುತ್ತದೆ.

ಜನನ ಮತ್ತು ಶಿಕ್ಷಣ

ಶ್ರೀ ಚೌಡಯ್ಯನವರು 1895ರಲ್ಲಿ ಇಂದಿನ ಮೈಸೂರು ಜಿಲ್ಲೆಯ ಟಿ. ನರಸೀಪುರದ ಬಳಿಯ ತಿರುಮಕೂಡಲಿನಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲಾ ನದಿಗಳು ಸಂಗಮಿಸುವ ಪುಣ್ಯಕ್ಷೇತ್ರವಿದು. ಹುಟ್ಟೂರಿನ ನೆನಪನ್ನು ಅವರು ತಮ್ಮ ಹೆಸರಿನ ಮೊದಲಕ್ಷರದಲ್ಲಿಯೂ, ಮುಂದೆ ತಾವು ರಚಿಸಿದ ಕೃತಿಗಳ ‘ತ್ರಿಮಕುಟ’ ಎಂಬ ಅಂಕಿತದಲ್ಲಿಯೂ ಉಳಿಸಿಕೊಂಡರು.

1910ರಲ್ಲಿ ಅವರು ಮೈಸೂರಿನ ಗಾನವಿಶಾರದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. 1918ರವರೆಗೆ ಗುರುಗಳ ಸನ್ನಿಧಿಯಲ್ಲಿ ಕಠಿಣ ಶಿಕ್ಷಣ ನಡೆಯಿತು. ಕೃಷ್ಣಪ್ಪನವರು ಹೆಸರಾಂತ ಗಾಯಕರು. ಗಾಯಕರಲ್ಲಿ ಕಲಿತ ಕಾರಣ ಶಿಷ್ಯರ ಪಿಟೀಲಿನಲ್ಲಿ ಗಾಯನದ ಗುಣ ನೆಲೆಗೊಂಡಿತು.

ಏಳು ತಂತಿಯ ಪಿಟೀಲು

ಅಂದಿನ ಕಛೇರಿಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ಮುಂದಿನ ಸಾಲಿನವರಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದ ನಾದವು ಸಭೆಯ ಹಿಂಭಾಗವನ್ನು ತಲುಪುವಷ್ಟರಲ್ಲಿ ಕ್ಷೀಣಿಸುತ್ತಿತ್ತು. ಈ ಕೊರತೆಯನ್ನು ಮನಗಂಡ ಶ್ರೀ ಚೌಡಯ್ಯನವರು ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಜೋಡಿಸಿ, 1927ರಿಂದ ಕಛೇರಿಗಳಲ್ಲಿ ಅದನ್ನೇ ನುಡಿಸತೊಡಗಿದರು. ಇದರಿಂದ ನಾದವು ಹೆಚ್ಚು ತುಂಬಿ, ದೂರದವರೆಗೂ ಕೇಳಿಸುವಂತಾಯಿತು.

ಇದು ಸುಲಭಸಾಧ್ಯವಾದ ಕಾರ್ಯವಾಗಿರಲಿಲ್ಲ. ಜೋಡಿ ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಬೇಕು, ಒಂದೇ ಕಮಾನಿನಿಂದ ಸಮನಾಗಿ ಮೀಟಬೇಕು. ಎರಡರಲ್ಲಿ ಒಂದರ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ದೋಷವು ಎದ್ದು ಕಾಣುತ್ತದೆ. ಈ ವಾದ್ಯದ ನಾದವು ಗಾಯಕರ ಧ್ವನಿಯನ್ನು ಮೀರುತ್ತದೆಂಬ ಆಕ್ಷೇಪಣೆಯೂ ಕೇಳಿಬಂದಿತು. ಶ್ರೀ ಚೌಡಯ್ಯನವರು ತಮ್ಮ ಸಾಧನೆಯಿಂದಲೇ ಅದಕ್ಕೆ ಉತ್ತರ ನೀಡಿದರು. ಚೆಂಬೈ ವೈದ್ಯನಾಥ ಭಾಗವತರು, ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಮೊದಲಾದ ಹಿರಿಯ ಗಾಯಕರು ತಮ್ಮ ಕಛೇರಿಗಳಿಗೆ ಅವರ ಪಕ್ಕವಾದ್ಯವನ್ನು ಬಯಸಿದರು. ದ್ವಾರಂ ವೆಂಕಟಸ್ವಾಮಿ ನಾಯ್ಡು ಹಾಗೂ ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೈ ಅವರೊಂದಿಗೆ ಶ್ರೀ ಚೌಡಯ್ಯನವರನ್ನು ಆ ಕಾಲದ ಪಿಟೀಲು ತ್ರಿಮೂರ್ತಿಗಳೆಂದು ರಸಿಕರು ಗೌರವಿಸಿದರು.

ಇತರ ಸೇವೆಗಳು

ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ ಅವರು ವಿದ್ಯಾರ್ಥಿಗಳಿಗೆ ಸಂಗೀತ ಶಿಕ್ಷಣದ ಅವಕಾಶ ಕಲ್ಪಿಸಿದರು. ಕೃತಿ, ತಿಲ್ಲಾನ ಮುಂತಾದವುಗಳನ್ನು ರಚಿಸಿದರು. 1943ರಲ್ಲಿ ತೆರೆಕಂಡ ‘ವಾಣಿ’ ಕನ್ನಡ ಚಲನಚಿತ್ರದಲ್ಲಿ ಚೆಂಬೈಯವರ ಗಾಯನಕ್ಕೆ ಶ್ರೀ ಚೌಡಯ್ಯನವರ ಪಿಟೀಲು ಮತ್ತು ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವಿರುವ ಕಛೇರಿಯನ್ನು ಅಳವಡಿಸಲಾಯಿತು. ಸಂಗೀತ ಸಭೆಗೆ ಹೋಗಲಾಗದ ಜನರಿಗೂ ಈ ಮೂಲಕ ಆ ಕಲಾವಿದರ ದರ್ಶನವಾಯಿತು.

ಗೌರವಗಳು

ಶ್ರೀ ಚೌಡಯ್ಯನವರು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಹಾಗೂ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಎರಡಕ್ಕೂ ಅವರು ಭಾಜನರಾದರು. 1967ರ ಜನವರಿ 19ರಂದು ನಿಧನ ಹೊಂದಿದರು.

ಸ್ಮರಣೆ

ಧ್ವನಿವರ್ಧಕಗಳು ಬಳಕೆಗೆ ಬಂದ ನಂತರ ಏಳು ತಂತಿಯ ಪಿಟೀಲಿನ ಅಗತ್ಯವು ಕಡಿಮೆಯಾಯಿತು; ಅದನ್ನು ಮುಂದುವರಿಸಿದವರು ವಿರಳ. ಆದರೆ ಆ ವಾದ್ಯದ ಹಿಂದಿದ್ದ ಕಾಳಜಿ ಹಳತಾಗಿಲ್ಲ. ಬೆಂಗಳೂರಿನ ವೈಯಾಲಿಕಾವಲ್ ಪ್ರದೇಶದಲ್ಲಿ 1980ರಲ್ಲಿ ಉದ್ಘಾಟನೆಗೊಂಡ ಚೌಡಯ್ಯ ಸ್ಮಾರಕ ಭವನವು ಅವರ ಪಿಟೀಲಿನ ಆಕಾರದಲ್ಲಿಯೇ ನಿರ್ಮಾಣವಾಗಿದೆ. ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ಸಂಗೀತ ಕಲಾವಿದರಿಗಾಗಿ ಪ್ರಶಸ್ತಿಯನ್ನು ಸ್ಥಾಪಿಸಿದೆ. ತಮ್ಮ ವಿದ್ಯೆಯು ಮುಂದಿನ ಸಾಲಿನವರಿಗೆ ಮಾತ್ರ ಮೀಸಲಾಗದೆ, ಬಾಗಿಲ ಬಳಿ ನಿಂತವರಿಗೂ ತಲುಪಬೇಕೆಂದು ಶ್ರಮಿಸಿದ ಈ ಮಹನೀಯರನ್ನು ನಾಡು ಕೃತಜ್ಞತೆಯಿಂದ ಸ್ಮರಿಸುತ್ತದೆ.