ಅಕ್ಕನ ಪುಸ್ತಕದಲ್ಲಿ ತಮ್ಮನ ಮೊದಲ ರಾಗ



ನಿಮ್ಮ ಮನೆಯಲ್ಲಿ ಕೀಬೋರ್ಡ್ ಕಲಿಯುವ ಮಗು ಇದ್ದರೆ ಈ ಅನುಭವ ನಿಮಗೂ ಆಗಿರಬಹುದು. ಮೇಷ್ಟ್ರು ಕೊಟ್ಟ ಪಾಠ ಬಿಟ್ಟು ಮಗು ತನ್ನದೇ ಏನನ್ನೋ ನುಡಿಸತೊಡಗುತ್ತದೆ. ಆಟ ಸಾಕು, ಪಾಠ ನುಡಿಸು ಎಂದು ನೀವು ಅಡುಗೆಮನೆಯಿಂದಲೇ ಗದರುತ್ತೀರಿ. ಮುಂದಿನ ಸಲ ಗದರುವ ಮುನ್ನ, ಇಂದು ಆಸ್ಟ್ರಿಯ ದೇಶಕ್ಕೆ ಸೇರಿರುವ ಸಾಲ್ಜ್‌ಬರ್ಗ್ ಪಟ್ಟಣದ ಒಂದು ಮನೆಯ ಕಥೆ ಕೇಳಿ.

ಆ ಕಾಲದಲ್ಲಿ ಸಾಲ್ಜ್‌ಬರ್ಗ್‌ಗೆ ಅಲ್ಲಿನ ಮಹಾಧರ್ಮಾಧ್ಯಕ್ಷರೇ ದೊರೆ. ಅವರ ಆಸ್ಥಾನದಲ್ಲಿ ಪಿಟೀಲು ನುಡಿಸುತ್ತಿದ್ದವರು ಲಿಯೊಪೋಲ್ಡ್ ಮೊಜಾರ್ಟ್. ಅವರಿಗೂ ಪತ್ನಿ ಆನಾ ಮರಿಯಾ ಅವರಿಗೂ ಹುಟ್ಟಿದ ಏಳು ಮಕ್ಕಳಲ್ಲಿ ಐವರು ಹಸುಗೂಸುಗಳಾಗಿರುವಾಗಲೇ ತೀರಿಕೊಂಡರು. ಉಳಿದವರು ಇಬ್ಬರೇ. ೧೭೫೧ರಲ್ಲಿ ಹುಟ್ಟಿದ ಮಗಳನ್ನು ಮನೆಯಲ್ಲಿ ನಾನರ್ಲ್ ಎಂದು ಕರೆಯುತ್ತಿದ್ದರು. ಕೊನೆಯ ಮಗ ಹುಟ್ಟಿದ್ದು ೧೭೫೬ರ ಜನವರಿ ೨೭ರಂದು. ಮರುದಿನವೇ ಪ್ರಧಾನಾಲಯದಲ್ಲಿ ಜ್ಞಾನಸ್ನಾನ ಪಡೆದ ಆ ಕೂಸೇ ಮುಂದೆ ಲೋಕಪ್ರಸಿದ್ಧನಾದ ವೂಲ್ಫ್‌ಗಾಂಗ್ ಅಮಡೇಯುಸ್ ಮೊಜಾರ್ಟ್.

ಮಗಳಿಗೆ ಎಂಟು ವರ್ಷ ತುಂಬುವ ಹೊತ್ತಿಗೆ, ಅಂದರೆ ೧೭೫೯ರಲ್ಲಿ, ತಂದೆ ಅವಳಿಗಾಗಿ ಒಂದು ಸಂಗೀತ ಪುಸ್ತಕ ಮಾಡಿಕೊಟ್ಟರು. ಅದರಲ್ಲಿ ಕೈಬರಹದ ಪುಟ್ಟ ಪುಟ್ಟ ಪಾಠಗಳಿದ್ದವು. ಪಿಯಾನೊ ಆಗಿನ್ನೂ ಹೊಸ ವಾದ್ಯ, ಎಲ್ಲರ ಮನೆಯಲ್ಲೂ ಇರಲಿಲ್ಲ. ಮಕ್ಕಳು ಕಲಿತದ್ದು ಅದೇ ಬಗೆಯ ಮಣೆಗಳಿದ್ದ ಹಾರ್ಪ್ಸಿಕಾರ್ಡ್‌ನಂಥ ಹಳೆಯ ವಾದ್ಯಗಳಲ್ಲಿ. ಅಕ್ಕ ನುಡಿಸುವಾಗ ಮೂರು ವರ್ಷದ ತಮ್ಮ ಬಂದು ಜೊತೆಗೆ ಒತ್ತಿದರೆ ಇಂಪಾಗುವ ಎರಡೆರಡು ಸ್ವರಗಳನ್ನು ಹುಡುಕಿ ಹುಡುಕಿ ಹಿಗ್ಗುತ್ತಿದ್ದನಂತೆ. ಇದನ್ನು ನೆನಪಿಟ್ಟು ಮುಂದೆ ಹೇಳಿದವಳು ಅಕ್ಕನೇ.

ಆಸ್ಥಾನದ ತುತ್ತೂರಿ ವಾದಕ ಶಾಖ್ಟ್ನರ್ ಇನ್ನೊಂದು ನೆನಪನ್ನು ಬರೆದಿಟ್ಟಿದ್ದಾರೆ. ಒಂದು ಗುರುವಾರ ಪೂಜೆ ಮುಗಿಸಿ ಅವರೂ ಲಿಯೊಪೋಲ್ಡ್ ಅವರೂ ಮನೆಗೆ ಬಂದಾಗ ನಾಲ್ಕು ವರ್ಷದ ಹುಡುಗ ಲೇಖನಿ ಹಿಡಿದು ಕುಳಿತಿದ್ದ. ಮಸಿಕುಡಿಕೆಯ ತಳದವರೆಗೆ ಲೇಖನಿ ಅದ್ದುವುದು, ಕಾಗದದ ಮೇಲೆ ಮಸಿ ಬೀಳಿಸುವುದು, ಅಂಗೈಯಿಂದ ಒರೆಸಿ ಅದರ ಮೇಲೆಯೇ ಮತ್ತೆ ಬರೆಯುವುದು! ಇಬ್ಬರೂ ಮೊದಲು ನಕ್ಕರು. ಆಮೇಲೆ ತಂದೆ ಆ ಕಲೆಗಳ ನಡುವೆ ಇದ್ದುದನ್ನು ನಿಧಾನವಾಗಿ ಓದಿದರು. ಅವರ ಕಣ್ಣು ತುಂಬಿ ಬಂತು. ಅದು ಗೀಚಾಟವಲ್ಲ, ನಿಯಮಬದ್ಧವಾದ ಸಂಗೀತವಾಗಿತ್ತು.

ಆ ತಂದೆ ಸುಮ್ಮನಿರಲಿಲ್ಲ. ಮಗ ಅಕ್ಕನ ಪುಸ್ತಕದ ಯಾವ ಪಾಠವನ್ನು ಯಾವ ದಿನ ಕಲಿತ ಎಂದು ಅದರಲ್ಲೇ ಬರೆಯತೊಡಗಿದರು. ಐದು ತುಂಬುವ ಹಿಂದಿನ ರಾತ್ರಿ ಅವನು ಅರ್ಧ ಗಂಟೆಯಲ್ಲಿ ಒಂದು ಪಾಠ ಕಲಿತದ್ದೂ ಅಲ್ಲಿ ದಾಖಲಾಗಿದೆ. ಕೆಲವೇ ವಾರಗಳಲ್ಲಿ, ೧೭೬೧ರಲ್ಲಿ, ಮಗ ತಾನೇ ಕಟ್ಟಿದ ರಾಗಗಳು ಬಂದವು. ತಂದೆ ಅವನ್ನೂ ತಮ್ಮ ಕೈಯಾರೆ ಅದೇ ಪುಸ್ತಕದಲ್ಲಿ ಬರೆದುಕೊಂಡರು.

ಆ ಮೊದಲ ಕೃತಿ ಎಷ್ಟು ದೊಡ್ಡದು ಬಲ್ಲಿರಾ? ಬರೇ ಹತ್ತು ಆವರ್ತ. ಮೊದಲ ಆವರ್ತದಲ್ಲಿ ಒಂದು ಚಿಕ್ಕ ಸ್ವರಮಾತು, ಎರಡನೆಯದರಲ್ಲಿ ಮತ್ತೆ ಅದೇ. ಮೂರನೆಯದರಲ್ಲಿ ಇನ್ನೊಂದು ಮಾತು, ನಾಲ್ಕನೆಯದರಲ್ಲಿ ಪುನಃ ಅದೇ. ಆಮೇಲೆ ಮೂರು ಎಣಿಕೆಯ ತಾಳ ಇದ್ದಕ್ಕಿದ್ದಂತೆ ಎರಡು ಎಣಿಕೆಗೆ ತಿರುಗುತ್ತದೆ. ಕೊನೆಗೆ ನಮ್ಮ ಹಾಡು ಷಡ್ಜಕ್ಕೆ ಬಂದು ನಿಲ್ಲುವಂತೆ ಅದೂ ತನ್ನ ಮೂಲ ಸ್ವರಕ್ಕೆ ಬಂದು ನಿಲ್ಲುತ್ತದೆ. ತಂದೆ ಎಷ್ಟು ತಿದ್ದಿರಬಹುದು ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಆದರೆ ನಡುವೆ ತಾಳ ಬದಲಾದುದನ್ನು ಯಾರೂ ಅಳಿಸಲಿಲ್ಲ.

ಹೊಸದಾಗಿ ರಾಗ ಕಟ್ಟುವ ಯಾರಿಗಾದರೂ ಇದರಲ್ಲಿ ಪೂರ್ತಿ ಪಾಠವಿದೆ. ಒಂದು ಚಿಕ್ಕ ಮಾತು ಹುಡುಕಿ, ಮತ್ತೊಮ್ಮೆ ಹೇಳಿ. ಇನ್ನೊಂದನ್ನು ಸೇರಿಸಿ, ಹೊರಟ ಮನೆಗೆ ಮರಳಿ. ಮೊದಲ ದಿನಕ್ಕೆ ಅಷ್ಟು ಸಾಕು. ಮೊಜಾರ್ಟನೂ ಮೊದಲಿಟ್ಟದ್ದು ಅಷ್ಟೇ ಹೆಜ್ಜೆ.

ಮುಂದಿನ ಕಥೆ ನಿಮಗೆ ಗೊತ್ತಿರಬಹುದು. ೧೭೬೨ರಿಂದ ಊರೂರು ಪ್ರವಾಸ, ಅರಮನೆಗಳಲ್ಲಿ ಕಛೇರಿ, ಆರುನೂರಕ್ಕೂ ಹೆಚ್ಚು ಕೃತಿಗಳು, ಹಣದ ಮುಗ್ಗಟ್ಟು. ೧೭೯೧ರ ಡಿಸೆಂಬರ್ ೫ರಂದು ವಿಯೆನ್ನಾದಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ಮರಣ. ಅದೇ ವರ್ಷದ ಜೂನ್‌ನಲ್ಲಿ ಅವರು ಬಾಡೆನ್ ಊರಿನ ದೇವಾಲಯದ ಗಾನವೃಂದ ನಡೆಸುತ್ತಿದ್ದ ಸ್ನೇಹಿತರಿಗಾಗಿ ‘ಆವೇ ವೇರುಮ್’ ಗೀತೆಗೆ ರಾಗ ಹಾಕಿಕೊಟ್ಟಿದ್ದರು. ಪರಮಪ್ರಸಾದವನ್ನು ಸ್ತುತಿಸುವ ಆ ಗೀತೆ ಕೇವಲ ೪೬ ಆವರ್ತ. ಎಲ್ಲವನ್ನೂ ಬಲ್ಲವರಾದ ಮೇಲೂ ಅವರು ಸರಳತೆಯನ್ನು ಮರೆಯಲಿಲ್ಲ.

ಆದರೆ ಪುಸ್ತಕದ ಒಡತಿ ನಾನರ್ಲ್ ಏನಾದಳು? ಚಿಕ್ಕಂದಿನ ಪ್ರವಾಸಗಳಲ್ಲಿ ಅವಳೂ ತಮ್ಮನ ಜೊತೆ ನುಡಿಸಿ ಮೆಚ್ಚುಗೆ ಪಡೆದವಳೇ. ೧೭೬೯ರ ಕೊನೆಗೆ ತಂದೆ ಮಗ ಇಟಲಿಗೆ ಹೊರಟಾಗ ಅವಳು ತಾಯಿಯೊಡನೆ ಮನೆಯಲ್ಲೇ ಉಳಿದಳು. ಅವಳು ರಚಿಸಿ ಕಳಿಸಿದ ಒಂದು ಹಾಡನ್ನು ನೋಡಿ ತಮ್ಮ ಬೆರಗಾಗಿ ೧೭೭೦ರಲ್ಲಿ ರೋಮಿನಿಂದ ಪತ್ರ ಬರೆದ. ಆ ಪತ್ರ ಉಳಿದಿದೆ, ಹಾಡು ಉಳಿದಿಲ್ಲ. ೧೮೨೯ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ ತೀರಿಕೊಂಡ ಆಕೆಯ ರಚನೆ ಒಂದೂ ಇಂದು ನಮಗೆ ಸಿಕ್ಕುವುದಿಲ್ಲ. ತಮ್ಮನ ಹತ್ತು ಆವರ್ತಗಳು ಅಕ್ಕನ ಪುಸ್ತಕದಲ್ಲಿ ಉಳಿದವು. ಅಕ್ಕನ ಹಾಡಿಗೆ ಅಂಥದೊಂದು ಪುಸ್ತಕ ಸಿಗಲಿಲ್ಲ.

ನಮ್ಮ ಮನೆಯ ಮಕ್ಕಳೆಲ್ಲ ಮೊಜಾರ್ಟ್ ಆಗಬೇಕಿಲ್ಲ, ಆಗುವುದೂ ಇಲ್ಲ. ಆದರೆ ಇಂದು ಸಂಜೆ ನಿಮ್ಮ ಮಗ ಪಾಠ ಬಿಟ್ಟು ತನ್ನದೇ ರಾಗ ನುಡಿಸಿದರೆ ಐದು ನಿಮಿಷ ಹತ್ತಿರ ಕುಳಿತು ಕೇಳಿ. ಮಗಳು ನುಡಿಸಿದರೂ ಅಷ್ಟೇ ಗಮನವಿಟ್ಟು ಕೇಳಿ. ಆಮೇಲೆ ಒಂದು ನೋಟುಪುಸ್ತಕ ತೆಗೆದು ಅದನ್ನು ಬರೆದಿಡಿ. ಜೊತೆಗೆ ಮಗುವಿನ ಹೆಸರನ್ನೂ ಅಂದಿನ ತಾರೀಖನ್ನೂ ಬರೆಯಲು ಮರೆಯಬೇಡಿ.