ಎಲಿಜಬೆತ್ ಝಿಮ್ಮರ್‌ಮನ್

ಎಲಿಜಬೆತ್ ಝಿಮ್ಮರ್‌ಮನ್ (ಆಗಸ್ಟ್ ೯, ೧೯೧೦ – ನವೆಂಬರ್ ೩೦, ೧೯೯೯) ಇಂಗ್ಲೆಂಡಿನಲ್ಲಿ ಜನಿಸಿ ಅಮೇರಿಕದಲ್ಲಿ ನೆಲೆಸಿದ ಕೈಹೆಣಿಗೆಯ ಶಿಕ್ಷಕಿ, ವಿನ್ಯಾಸಕಿ ಹಾಗೂ ಲೇಖಕಿ. ಹೊಲಿಗೆಯ ಜೋಡಣೆಯಿಲ್ಲದೆ ಸ್ವೆಟರನ್ನು ಕೊಳವೆಯಂತೆ ಸುತ್ತಾಗಿ ಹೆಣೆಯುವ ಪದ್ಧತಿಯನ್ನು ಅಮೇರಿಕದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಇವರು ಪ್ರಮುಖರು. ಅಚ್ಚಾದ ನಮೂನೆಯನ್ನು ಸಾಲುಸಾಲಾಗಿ ಅನುಸರಿಸುವ ಬದಲು, ಕೈಯಲ್ಲಿರುವ ನೂಲಿಗೆ ತಕ್ಕಂತೆ ತಾವೇ ಲೆಕ್ಕ ಹಾಕಿಕೊಂಡು ಹೆಣೆಯಲು ಹೊಸಬರಿಗೂ ಸಾಧ್ಯವೆಂಬುದು ಇವರ ಬೋಧನೆಯ ತಿರುಳಾಗಿತ್ತು.

ಬಾಲ್ಯ ಮತ್ತು ಶಿಕ್ಷಣ

ಎಲಿಜಬೆತ್ ಅವರ ಹುಟ್ಟುಹೆಸರು ಎಲಿಜಬೆತ್ ಲಾಯ್ಡ್-ಜೋನ್ಸ್. ತಂದೆ ಬ್ರಿಟಿಷ್ ನೌಕಾಪಡೆಯ ಅಧಿಕಾರಿಯಾಗಿದ್ದರು. ಬಾಲ್ಯದಲ್ಲಿ ತಾಯಿ ಮತ್ತು ತಾಯಿಯ ಬಳಗದ ಹೆಂಗಸರಿಂದ ಹೆಣಿಗೆಯ ಮೊದಲ ಪಾಠಗಳನ್ನು ಕಲಿತರು. ಅವರು ಹೇಳಿಕೊಟ್ಟದ್ದು ನೂಲನ್ನು ಬಲಗೈಯಲ್ಲಿ ಹಿಡಿದು ಕಡ್ಡಿಗೆ ಸುತ್ತುವ ಇಂಗ್ಲಿಷ್ ಕ್ರಮ. ಅನಂತರ ಮನೆಪಾಠಕ್ಕೆ ಬಂದ ಸ್ವಿಸ್ ಶಿಕ್ಷಕಿಯಿಂದ, ನೂಲನ್ನು ಎಡಗೈ ಬೆರಳಿನ ಮೇಲೆ ಹಾಯಿಸಿ ಬಲಗೈ ಕಡ್ಡಿಯಿಂದ ಎಳೆದುಕೊಳ್ಳುವ ಜರ್ಮನ್ ಕ್ರಮವನ್ನು ಕಲಿತರು. ಎರಡನೆಯ ಕ್ರಮದಲ್ಲಿ ಕೈಯ ಚಲನೆ ಕಡಿಮೆಯಾಗಿ ಕೆಲಸ ಬೇಗ ಸಾಗುತ್ತದೆಂಬುದು ಇವರ ಅಭಿಪ್ರಾಯವಾಗಿತ್ತು. ಇಂಗ್ಲೆಂಡಿನ ವಸತಿ ಶಾಲೆಯಲ್ಲಿ ಓದಿದ ಬಳಿಕ ಸ್ವಿಟ್ಜರ್ಲೆಂಡ್ ಹಾಗೂ ಜರ್ಮನಿಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದರು.

ಅಮೇರಿಕಕ್ಕೆ ವಲಸೆ

ಜರ್ಮನಿಯಲ್ಲಿದ್ದಾಗ ಪರಿಚಯವಾದ ಆರ್ನಾಲ್ಡ್ ಝಿಮ್ಮರ್‌ಮನ್ ಅವರನ್ನು ವಿವಾಹವಾದರು. ಆರ್ನಾಲ್ಡ್ ಬಿಯರ್ ತಯಾರಿಕೆಯಲ್ಲಿ ಪರಿಣತರು. ನಾಜಿ ಆಡಳಿತದ ದಿನಗಳಲ್ಲಿ ಅವರು ಜರ್ಮನಿಯನ್ನು ತೊರೆದರು. ೧೯೩೭ರಲ್ಲಿ ದಂಪತಿಗಳು ಅಮೇರಿಕಕ್ಕೆ ತೆರಳಿ, ಮುಂದೆ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದರು. ಇವರಿಗೆ ಮೂವರು ಮಕ್ಕಳು. ಅವರಲ್ಲಿ ಮೆಗ್ ಸ್ವಾನ್ಸನ್ ತಾಯಿಯ ಕೆಲಸವನ್ನು ಮುಂದುವರಿಸಿ ಹೆಣಿಗೆಯ ಕ್ಷೇತ್ರದಲ್ಲಿ ಹೆಸರಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಅಮೇರಿಕಗಳಲ್ಲಿ ಜರ್ಮನ್ ಕ್ರಮದ ಹೆಣಿಗೆಯು ಶತ್ರುದೇಶದ್ದೆಂಬ ಕಾರಣಕ್ಕೆ ಹಿಂದೆ ಸರಿದಿತ್ತು. ಅದನ್ನು ಅಮೇರಿಕದಲ್ಲಿ ಮತ್ತೆ ಬಳಕೆಗೆ ತಂದವರಲ್ಲಿ ಎಲಿಜಬೆತ್ ಅವರೂ ಒಬ್ಬರು.

ಪತ್ರಿಕೆಗಳೊಂದಿಗೆ ಭಿನ್ನಾಭಿಪ್ರಾಯ

ಆ ಕಾಲದಲ್ಲಿ ಸ್ವೆಟರಿನ ಮುಂಭಾಗ, ಹಿಂಭಾಗ ಮತ್ತು ತೋಳುಗಳನ್ನು ಎರಡು ನೇರ ಕಡ್ಡಿಗಳಲ್ಲಿ ಬೇರೆಬೇರೆಯಾಗಿ ಹೆಣೆದು, ಕೊನೆಗೆ ಸೂಜಿಯಿಂದ ಜೋಡಿಸುವುದು ರೂಢಿಯಾಗಿತ್ತು. ಈ ಕ್ರಮದಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯಬೇಕು. ಉಲ್ಟಾ ಸಾಲು ಹೆಣೆಯುವಾಗ ಬಟ್ಟೆಯ ಒಳಮೈ ಮಾತ್ರ ಕಣ್ಣಿಗೆ ಬೀಳುವುದರಿಂದ ಚಿತ್ತಾರ ತಪ್ಪುವ ಸಂಭವ ಹೆಚ್ಚು. ಎರಡು ತುದಿಗಳ ನಡುವೆ ಬಾಗುವ ತಂತಿಯಿರುವ ವೃತ್ತಾಕಾರದ ಕಡ್ಡಿಯನ್ನು ಬಳಸಿದರೆ ಇಡೀ ಉಡುಪನ್ನು ಸೀದಾ ಹೆಣಿಗೆಯಲ್ಲಿಯೇ, ಹೊರಮೈಯನ್ನು ನೋಡುತ್ತಲೇ ಮುಗಿಸಬಹುದು. ಎಲಿಜಬೆತ್ ಈ ವಿಧಾನದಲ್ಲಿ ಬರೆದುಕೊಟ್ಟ ಸೂಚನೆಗಳನ್ನು ಪತ್ರಿಕೆಯ ಸಂಪಾದಕರು ನೇರ ಕಡ್ಡಿಯ ರೂಢಿಗೆ ಹೊಂದಿಸಿ ತಿದ್ದಿ ಪ್ರಕಟಿಸುತ್ತಿದ್ದರು. ಇದರಿಂದ ಬೇಸತ್ತ ಎಲಿಜಬೆತ್ ತಮ್ಮ ಸೂಚನೆಗಳನ್ನು ತಾವೇ ಮುದ್ರಿಸಲು ನಿರ್ಧರಿಸಿ, ೧೯೫೮ರಲ್ಲಿ ಚಂದಾದಾರರಿಗೆ ಕಳುಹಿಸುವ ಕಿರುಪತ್ರವೊಂದನ್ನು ಆರಂಭಿಸಿದರು. ಇದು ಮುಂದೆ 'ವುಲ್ ಗ್ಯಾದರಿಂಗ್' ಎಂಬ ಹೆಸರಿನಲ್ಲಿ ಹೊರಬಂದಿತು. ಅದೇ ೧೯೫೮ರಲ್ಲಿ 'ವೋಗ್ ಪ್ಯಾಟರ್ನ್ ಬುಕ್' ಪತ್ರಿಕೆಯಲ್ಲಿ ಕಾಣಿಸಿಕೊಂಡ ಏರನ್ ಸ್ವೆಟರನ್ನು ಹೆಣೆದ ಶ್ರೇಯವೂ ಇವರದು. ಅಮೇರಿಕದ ಪತ್ರಿಕೆಯೊಂದರಲ್ಲಿ ಬಂದ ಮೊದಲ ಏರನ್ ಸ್ವೆಟರ್ ಅದೆಂದು ಪರಿಗಣಿಸಲಾಗಿದೆ.

ಶೇಕಡಾವಾರು ಪದ್ಧತಿ

ಎಲಿಜಬೆತ್ ಅವರ ಅತ್ಯಂತ ಪ್ರಸಿದ್ಧ ಕೊಡುಗೆ ಸ್ವೆಟರಿನ ಶೇಕಡಾವಾರು ಪದ್ಧತಿ. ಮೊದಲು ಹೆಣೆದ ತುಂಡಿನ ಮೇಲೆ ಒಂದು ಅಂಗುಲಕ್ಕೆ ಎಷ್ಟು ಕುಣಿಕೆಗಳಿವೆಯೆಂದು ಎಣಿಸಬೇಕು. ಆ ಸಂಖ್ಯೆಯನ್ನು ಉಡುಪಿನ ಎದೆಸುತ್ತಿನಿಂದ ಗುಣಿಸಿದರೆ ಮೂಲಸಂಖ್ಯೆ ದೊರೆಯುತ್ತದೆ. ಉಳಿದ ಭಾಗಗಳೆಲ್ಲ ಇದರ ಶೇಕಡಾ ಭಾಗಗಳು. ಉದಾಹರಣೆಗೆ, ಅಂಗುಲಕ್ಕೆ ೫ ಕುಣಿಕೆಯಂತೆ ೪೦ ಅಂಗುಲ ಸುತ್ತಳತೆಯ ಸ್ವೆಟರಿಗೆ ಮೂಲಸಂಖ್ಯೆ ೨೦೦. ಮಣಿಕಟ್ಟಿಗೆ ಶೇಕಡಾ ೨೦ರಂತೆ ೪೦ ಕುಣಿಕೆಗಳು, ತೋಳಿನ ಮೇಲ್ಭಾಗಕ್ಕೆ ಸುಮಾರು ಮೂರನೆಯ ಒಂದು ಭಾಗ, ಕಂಕುಳಲ್ಲಿ ಶೇಕಡಾ ೮ರಂತೆ ೧೬ ಕುಣಿಕೆಗಳು.

ಈ ಪದ್ಧತಿಯು ಖರ್ಚಿನ ದೃಷ್ಟಿಯಿಂದಲೂ ಮಹತ್ವದ್ದು. ಅಂದಿನ ಬಹುಪಾಲು ನಮೂನೆಗಳನ್ನು ನೂಲಿನ ಕಂಪನಿಗಳೇ ಹೊರತರುತ್ತಿದ್ದು, ಅವು ನಿರ್ದಿಷ್ಟ ಕಂಪನಿಯ ನಿರ್ದಿಷ್ಟ ನೂಲನ್ನು ಸೂಚಿಸುತ್ತಿದ್ದವು. ಅದು ದೊರೆಯದಿದ್ದರೆ ಅಥವಾ ದುಬಾರಿಯಾಗಿದ್ದರೆ ಕಲಿಯುವವರಿಗೆ ಬೇರೆ ದಾರಿ ತೋಚುತ್ತಿರಲಿಲ್ಲ. ಶೇಕಡಾವಾರು ಲೆಕ್ಕಕ್ಕೆ ಇಂಥದೇ ನೂಲೆಂಬ ಕಟ್ಟಿಲ್ಲ. ಅಂಗುಲಕ್ಕೆ ೪ ಕುಣಿಕೆ ಬರುವ ದಪ್ಪ ನೂಲು ಸಿಕ್ಕರೆ ಅದೇ ಅಳತೆಯ ಸ್ವೆಟರಿಗೆ ಮೂಲಸಂಖ್ಯೆ ೧೬೦ ಆಗುತ್ತದೆ, ಮಣಿಕಟ್ಟಿಗೆ ೩೨ ಸಾಕು. ಕುಣಿಕೆ ಎಣಿಸಲು ಹೆಣೆಯುವ ಮಾದರಿ ತುಂಡು ವ್ಯರ್ಥವಾಗಬಾರದೆಂದು, ಅದರ ಬದಲು ಒಂದು ಟೋಪಿಯನ್ನೇ ಹೆಣೆದು ಅದರ ಮೇಲೆ ಅಳತೆ ತೆಗೆಯುವ ಉಪಾಯವನ್ನೂ ಎಲಿಜಬೆತ್ ಕಲಿಸಿದರು.

ಪ್ರಮುಖ ವಿನ್ಯಾಸಗಳು

೧೯೬೮ರ 'ಬೇಬಿ ಸರ್ಪ್ರೈಸ್ ಜಾಕೆಟ್' ಇವರ ವಿನ್ಯಾಸಗಳಲ್ಲಿ ಅತ್ಯಂತ ಜನಪ್ರಿಯವಾದುದು. ೧೬೦ ಕುಣಿಕೆಗಳಿಂದ ಆರಂಭವಾಗುವ ಈ ಕೂಸಿನ ಅಂಗಿಯನ್ನು ಒಂದೇ ತುಂಡಾಗಿ ಹೆಣೆಯಲಾಗುತ್ತದೆ. ಕಡ್ಡಿಯಿಂದ ಇಳಿಸಿದಾಗ ಆಕಾರವಿಲ್ಲದಂತೆ ಕಾಣುವ ಬಟ್ಟೆಯನ್ನು ಮಡಿಸಿ, ಹೆಗಲ ಮೇಲಿನ ಎರಡು ಅಂಚುಗಳನ್ನು ಹೊಲಿದರೆ ಅಂಗಿ ಸಿದ್ಧವಾಗುತ್ತದೆ. ಎರಡೂ ಬದಿಯಿಂದ ಸೀದಾ ಹೆಣೆಯುವ ಗಾರ್ಟರ್ ಹೆಣಿಗೆಯೇ ಇದರ ಆಧಾರ. ಪಟ್ಟೆಪಟ್ಟೆಯಾಗಿ ಹೆಣೆದು ಮನೆಯಲ್ಲಿ ಉಳಿದ ನೂಲನ್ನು ಬಳಸಿಕೊಳ್ಳಲು ಇದು ಅನುಕೂಲಕರವಾಗಿದೆ.

'ಪೈ ಶಾಲು' ವೃತ್ತದ ಗಣಿತವನ್ನು ಆಧರಿಸಿದೆ. ತ್ರಿಜ್ಯವು ಇಮ್ಮಡಿಯಾದಾಗ ಸುತ್ತಳತೆಯೂ ಇಮ್ಮಡಿಯಾಗುತ್ತದೆ. ಆದುದರಿಂದ ೯ ಕುಣಿಕೆಗಳಿಂದ ಆರಂಭಿಸಿ ೧೮, ೩೬, ೭೨, ೧೪೪ ಎಂದು ಇಮ್ಮಡಿಗೊಳಿಸುತ್ತ, ಪ್ರತಿ ಇಮ್ಮಡಿಯ ಬಳಿಕ ಕ್ರಮವಾಗಿ ೩, ೬, ೧೨, ೨೪ ಸುತ್ತುಗಳನ್ನು ಏರಿಕೆಯಿಲ್ಲದೆ ಹೆಣೆಯುತ್ತ ಹೋದರೆ ಸಾಕು. ಇಂತಹ ಉಪಾಯಗಳನ್ನು ತಾವು ಹೊಸದಾಗಿ ಕಂಡುಹಿಡಿದೆವೆಂದು ಎಲಿಜಬೆತ್ ಹೇಳಿಕೊಳ್ಳಲಿಲ್ಲ. ಹಿಂದೆ ಎಲ್ಲೋ ಯಾರೋ ಹೆಣೆದಿರಬಹುದಾದ ಕ್ರಮವು ತಮಗೆ ಮತ್ತೆ ಹೊಳೆಯಿತೆಂಬ ಅರ್ಥದಲ್ಲಿ 'ಅನ್‌ವೆಂಟ್' ಎಂಬ ಪದವನ್ನು ಬಳಸಿದರು.

ಪ್ರಕಾಶನ, ಉಣ್ಣೆ ಮಾರಾಟ ಮತ್ತು ಬೋಧನೆ

೧೯೫೯ರಲ್ಲಿ ಸ್ಥಾಪನೆಯಾದ 'ಸ್ಕೂಲ್‌ಹೌಸ್ ಪ್ರೆಸ್' ಮೂಲಕ ಉಣ್ಣೆ ನೂಲು, ಕಡ್ಡಿ ಮತ್ತು ಪುಸ್ತಕಗಳನ್ನು ಅಂಚೆಯ ಮೂಲಕ ಮಾರಾಟ ಮಾಡಿದರು. ಕೃತಕ ನೂಲುಗಳು ಹರಡುತ್ತಿದ್ದ ಕಾಲದಲ್ಲಿ ಎಲಿಜಬೆತ್ ಉಣ್ಣೆಯ ಪರವಾಗಿ ನಿಂತರು. ಹುರಿಗೊಳಿಸದ ಐಸ್‌ಲ್ಯಾಂಡಿನ ಉಣ್ಣೆಯೂ ಈ ಸಂಸ್ಥೆಯ ಮೂಲಕ ಅಮೇರಿಕದ ಹೆಣಿಗೆಗಾರರಿಗೆ ದೊರೆಯಿತು.

ಅಮೇರಿಕದ ಸಾರ್ವಜನಿಕ ದೂರದರ್ಶನದಲ್ಲಿ 'ದಿ ಬಿಝಿ ನಿಟ್ಟರ್' ಎಂಬ ಪಾಠಸರಣಿಯನ್ನು ನಡೆಸಿಕೊಟ್ಟರು. ೧೯೭೧ರಲ್ಲಿ ಮೊದಲ ಪುಸ್ತಕ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಪ್ರಕಟವಾಯಿತು. ೧೯೭೪ರ 'ನಿಟ್ಟರ್ಸ್ ಆಲ್ಮನ್ಯಾಕ್' ವರ್ಷದ ಒಂದೊಂದು ತಿಂಗಳಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟ ಪುಸ್ತಕ. ಅದೇ ವರ್ಷ ವಿಸ್ಕಾನ್ಸಿನ್‌ನಲ್ಲಿ ಹೆಣಿಗೆ ಶಿಬಿರವನ್ನು ಆರಂಭಿಸಿದರು. 'ನಿಟ್ಟಿಂಗ್ ವರ್ಕ್‌ಶಾಪ್' (೧೯೮೧) ಮತ್ತು ಆತ್ಮಕಥೆಯ ಭಾಗಗಳನ್ನು ಒಳಗೊಂಡ 'ನಿಟ್ಟಿಂಗ್ ಅರೌಂಡ್' (೧೯೮೯) ಇವರ ಇತರ ಪುಸ್ತಕಗಳು.

ನಿಧನ ಮತ್ತು ಪ್ರಭಾವ

ಎಲಿಜಬೆತ್ ೧೯೯೯ರ ನವೆಂಬರ್ ೩೦ರಂದು ವಿಸ್ಕಾನ್ಸಿನ್‌ನಲ್ಲಿ ತಮ್ಮ ೮೯ನೆಯ ವಯಸ್ಸಿನಲ್ಲಿ ನಿಧನರಾದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅವರ ಬದುಕಿನ ಕುರಿತು ಲೇಖನವನ್ನು ಪ್ರಕಟಿಸಿತು. ಮಗಳು ಮೆಗ್ ಸ್ವಾನ್ಸನ್ ಪ್ರಕಾಶನವನ್ನೂ ಶಿಬಿರವನ್ನೂ ಮುಂದುವರಿಸಿದರು. ಶೇಕಡಾವಾರು ಪದ್ಧತಿಯನ್ನು ನಂತರದ ವಿನ್ಯಾಸಕರು ಪರಿಷ್ಕರಿಸಿ ಬಳಸುತ್ತ ಬಂದಿದ್ದಾರೆ. ಅವರ ಪುಸ್ತಕಗಳು ಇಂದಿಗೂ ಹೊಸದಾಗಿ ಹೆಣಿಗೆ ಕಲಿಯುವವರ ಬಳಕೆಯಲ್ಲಿವೆ.